ಉನ್ನತ ಶಿಕ್ಷಣದಲ್ಲಿ ಅಧ್ಯಾಪಕ ವೃತ್ತಿ: ಉದ್ಯೋಗಾಕಾಂಕ್ಷಿಗಳಿಗೆ ಮಾರ್ಗದರ್ಶನ

ಸ್ನಾತಕೋತ್ತರ ಪದವಿಯನ್ನು ಪಡೆದು ಮಹಾವಿದ್ಯಾಲಯ ಅಥವಾ ವಿಶ್ವವಿದ್ಯಾನಿಲಯಗಳಲ್ಲಿ ಬೋಧಕರಾಗಬೇಕೆಂದು ಬಯಸುವ ಯುವಜನರು ನಮ್ಮ ದೇಶದಲ್ಲಿ ಬಹು ಸಂಖ್ಯೆಯಲ್ಲಿದ್ದಾರೆ. ಈ ವೃತ್ತಿಗೆ ವಿದ್ವತ್ತು ಮೊದಲನೆಯ ಅಗತ್ಯವೆಂಬುದು ನಿಜ. ಆದರೆ ವಿದ್ವತ್ತೊಂದೇ ಸಾಲದು. ಯಾವ ಅರ್ಹತೆಗೆ ಎಲ್ಲಿ ಮಾನ್ಯತೆಯುಂಟು, ಯಾವುದನ್ನು ಮೊದಲು ಗಳಿಸಬೇಕು, ಯಾವ ದಾಖಲೆಯನ್ನು ಕಾಪಾಡಿಕೊಳ್ಳಬೇಕು ಎಂಬ ತಿಳಿವಳಿಕೆಯಿಲ್ಲದೆ ಅನೇಕ ಪ್ರತಿಭಾವಂತರು ಅಮೂಲ್ಯವಾದ ವರ್ಷಗಳನ್ನು ಕಳೆದುಕೊಳ್ಳುತ್ತಾರೆ. ಕರ್ನಾಟಕದಲ್ಲಿ ವ್ಯಾಸಂಗ ಮಾಡಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಅಥವಾ ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗ ಪದವೀಧರರಿಗೆ ಈ ತೊಡಕು ಇನ್ನಷ್ಟು ಹೆಚ್ಚು. ಏಕೆಂದರೆ ಅವರು ಗಳಿಸಿದ ಅರ್ಹತೆಗಳಲ್ಲಿ ಕೆಲವು ರಾಜ್ಯದ ಗಡಿಯನ್ನು ದಾಟುತ್ತವೆ, ಕೆಲವು ದಾಟುವುದಿಲ್ಲ. ಈ ವ್ಯತ್ಯಾಸವನ್ನು ಮೊದಲೇ ಅರಿಯುವಂತೆ ಮಾಡುವುದು ವೃತ್ತಿ ಮಾರ್ಗದರ್ಶನದ ಮುಖ್ಯ ಉದ್ದೇಶ.

ಮೂಲ ಅರ್ಹತೆ

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 1956ರ ಅಧಿನಿಯಮದ ಮೇರೆಗೆ ಅಧ್ಯಾಪಕರ ಕನಿಷ್ಠ ಅರ್ಹತೆಗಳನ್ನು ಗೊತ್ತುಪಡಿಸುತ್ತದೆ. ಆಯೋಗವು 2018ರ ಜುಲೈ 18ರಂದು ಹೊರಡಿಸಿದ ನಿಯಮಗಳ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಸಂಬಂಧಪಟ್ಟ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕಗಳು ಅವಶ್ಯಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇಕಡ 5ರ ರಿಯಾಯಿತಿಯಿದೆ. ಇದರೊಂದಿಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ನೆಟ್, ಅಥವಾ ರಾಜ್ಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಇಲ್ಲವೆ ಆಯೋಗದ ನಿಯಮಗಳಿಗೆ ಅನುಗುಣವಾದ ಪಿಎಚ್.ಡಿ. ಪದವಿಯಿರಬೇಕು. ವಿಶ್ವವಿದ್ಯಾನಿಲಯಗಳಲ್ಲಿ ನೇರ ನೇಮಕಾತಿಗೆ ಪಿಎಚ್.ಡಿ.ಯನ್ನು ಕಡ್ಡಾಯಗೊಳಿಸುವ ನಿಬಂಧನೆಯನ್ನು ಒಮ್ಮೆ ಮುಂದೂಡಿ, ಬಳಿಕ 2023ರ ತಿದ್ದುಪಡಿಯಲ್ಲಿ ಅದನ್ನು ಐಚ್ಛಿಕಗೊಳಿಸಲಾಯಿತು. 2025ರ ಜನವರಿಯಲ್ಲಿ ಆಯೋಗವು ಹೊಸ ನಿಯಮಗಳ ಕರಡೊಂದನ್ನು ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ನಿಯಮಗಳು ಹೀಗೆ ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಆಯಾ ಜಾಹೀರಾತಿನಲ್ಲಿ ಯಾವ ನಿಯಮಗಳನ್ನು ಉಲ್ಲೇಖಿಸಲಾಗಿದೆ ಎಂಬುದನ್ನು ಗಮನಿಸುವುದು ಅಗತ್ಯ.

ನೆಟ್ ಪರೀಕ್ಷೆ

1989ರಲ್ಲಿ ಆರಂಭವಾದ ನೆಟ್ ಪರೀಕ್ಷೆಯನ್ನು 2018ರ ಡಿಸೆಂಬರಿನಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ನಡೆಸುತ್ತಿದೆ. 80ಕ್ಕೂ ಹೆಚ್ಚು ವಿಷಯಗಳಲ್ಲಿ ನಡೆಯುವ ಈ ಪರೀಕ್ಷೆಯಲ್ಲಿ ಕನ್ನಡವೂ ಒಂದು ವಿಷಯ. ಮೂಲ ವಿಜ್ಞಾನದ ವಿಷಯಗಳಿಗೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯ ಜೊತೆಗೂಡಿದ ಪ್ರತ್ಯೇಕ ಪರೀಕ್ಷೆಯುಂಟು. ನೆಟ್‌ನ ಮೊದಲನೆಯ ಪತ್ರಿಕೆಯಲ್ಲಿ 50 ಹಾಗೂ ಎರಡನೆಯ ಪತ್ರಿಕೆಯಲ್ಲಿ 100 ಪ್ರಶ್ನೆಗಳಿದ್ದು, ಮೂರು ಗಂಟೆಗಳಲ್ಲಿ ಎರಡನ್ನೂ ಉತ್ತರಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಹಾಯಕ ಪ್ರಾಧ್ಯಾಪಕತ್ವದ ಅರ್ಹತೆಗಾಗಿ ಪರೀಕ್ಷೆ ಬರೆಯುವವರಿಗೆ ಗರಿಷ್ಠ ವಯೋಮಿತಿ ಇಲ್ಲ. ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಮಾತ್ರ 30 ವರ್ಷಗಳ ಮಿತಿಯಿದ್ದು, ಮಹಿಳೆಯರಿಗೂ ಮೀಸಲು ವರ್ಗಗಳಿಗೂ 5 ವರ್ಷಗಳವರೆಗೆ ಸಡಿಲಿಕೆಯಿದೆ. 2023ರ ಜನವರಿ 1ರಿಂದ ಈ ಶಿಷ್ಯವೇತನವನ್ನು ಮಾಸಿಕ 37,000 ರೂಪಾಯಿಗಳಿಗೆ ಏರಿಸಲಾಯಿತು. ವಯಸ್ಸು ಮೀರುವ ಮೊದಲೇ ಇದಕ್ಕಾಗಿ ಪ್ರಯತ್ನಿಸುವುದು ಬಡ ಕುಟುಂಬಗಳ ಅಭ್ಯರ್ಥಿಗಳಿಗೆ ವಿಶೇಷವಾಗಿ ಹಿತಕರ. 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಫಲಿತಾಂಶವನ್ನು ಪರಿಗಣಿಸುವ ವ್ಯವಸ್ಥೆ ಜಾರಿಗೆ ಬಂದಿತು. ಆದರೆ ಪ್ರವೇಶಕ್ಕಷ್ಟೇ ಅರ್ಹರಾದವರ ಫಲಿತಾಂಶವು ಒಂದು ವರ್ಷ ಮಾತ್ರ ಊರ್ಜಿತವಾಗಿರುತ್ತದೆ. ಅದು ಅಧ್ಯಾಪಕ ಹುದ್ದೆಗೆ ಅರ್ಹತೆಯಲ್ಲ.

ರಾಜ್ಯದ ಗಡಿ ಮತ್ತು ಅರ್ಹತೆ

ರಾಜ್ಯ ಅರ್ಹತಾ ಪರೀಕ್ಷೆಯ ವ್ಯಾಪ್ತಿಯನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. 2002ರ ಜೂನ್ 1ರ ಅನಂತರ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಪರೀಕ್ಷೆ ನಡೆಸಿದ ರಾಜ್ಯದ ವಿಶ್ವವಿದ್ಯಾನಿಲಯ ಹಾಗೂ ಮಹಾವಿದ್ಯಾಲಯಗಳಿಗೆ ಮಾತ್ರ ಅರ್ಹರು. ಕರ್ನಾಟಕದ ಕೆ-ಸೆಟ್ ಪರೀಕ್ಷೆಯನ್ನು ಮೊದಲು ಮೈಸೂರು ವಿಶ್ವವಿದ್ಯಾನಿಲಯವು ನಡೆಸುತ್ತಿತ್ತು. 2023ನೆಯ ಸಾಲಿನಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಅದರ ಹೊಣೆಯನ್ನು ವಹಿಸಿಕೊಂಡಿತು. ಈ ಪ್ರಮಾಣಪತ್ರವೊಂದನ್ನೇ ನೆಚ್ಚಿಕೊಂಡು ಮುಂಬಯಿ ಅಥವಾ ಚೆನ್ನೈನ ಕಾಲೇಜಿಗೆ ಅರ್ಜಿ ಸಲ್ಲಿಸಿದರೆ ಅದು ತಿರಸ್ಕೃತವಾಗುತ್ತದೆ. ಮಹಾರಾಷ್ಟ್ರ ಮತ್ತು ಗೋವಾ ರಾಜ್ಯಗಳಿಗಾಗಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾನಿಲಯವೂ ತೆಲಂಗಾಣಕ್ಕಾಗಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಪ್ರತ್ಯೇಕ ಪರೀಕ್ಷೆಗಳನ್ನು ನಡೆಸುತ್ತವೆ. ನೆಟ್ ಅರ್ಹತೆಗಾದರೋ ಇಂಥ ಗಡಿಯಿಲ್ಲ. ಮುಂದೆ ಎಲ್ಲಿ ನೆಲೆಸುವೆವೆಂಬುದು ನಿಶ್ಚಿತವಿಲ್ಲದವರು ನೆಟ್‌ಗೆ ಮೊದಲ ಸ್ಥಾನ ಕೊಡುವುದು ವಿವೇಕ.

ಮೀಸಲಾತಿಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಕರ್ನಾಟಕ ಮೂಲದ ಪರಿಶಿಷ್ಟ ಜಾತಿ ಅಥವಾ ಪಂಗಡದ ಅಭ್ಯರ್ಥಿಯು ಬೇರೆ ರಾಜ್ಯಕ್ಕೆ ವಲಸೆ ಹೋದಾಗ, ಆ ರಾಜ್ಯದ ಅಧೀನದಲ್ಲಿರುವ ಹುದ್ದೆಗಳಿಗೆ ಸಾಮಾನ್ಯವಾಗಿ ಮೀಸಲಾತಿಯ ಹಕ್ಕು ದೊರೆಯುವುದಿಲ್ಲ. ಆದರೆ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಹುದ್ದೆಗಳಿಗೆ ಮೂಲ ರಾಜ್ಯದ ಪ್ರಮಾಣಪತ್ರವು ಮಾನ್ಯವಾಗುತ್ತದೆ. ಇತರ ಹಿಂದುಳಿದ ವರ್ಗದವರು ತಮ್ಮ ಜಾತಿಯು ಕೇಂದ್ರದ ಪಟ್ಟಿಯಲ್ಲಿದೆಯೇ ಎಂಬುದನ್ನು ಪರಿಶೀಲಿಸಿ, ಕೇಂದ್ರ ಸರ್ಕಾರದ ನಮೂನೆಯಲ್ಲಿ ಪ್ರಮಾಣಪತ್ರವನ್ನು ಪಡೆದಿಟ್ಟುಕೊಳ್ಳಬೇಕು. ಕೊನೆಯ ದಿನಾಂಕ ಸಮೀಪಿಸಿದ ಮೇಲೆ ದೂರದ ತಾಲ್ಲೂಕು ಕಚೇರಿಯಿಂದ ಇದನ್ನು ತರಿಸುವುದು ಸುಲಭವಲ್ಲ.

ಅಂಕಗಳ ಲೆಕ್ಕಾಚಾರ

ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂಬುದನ್ನು ನಿರ್ಧರಿಸಲು 2018ರ ನಿಯಮಗಳು 100 ಅಂಕಗಳ ಕೋಷ್ಟಕಗಳನ್ನು ಒದಗಿಸಿವೆ. ವಿಶ್ವವಿದ್ಯಾನಿಲಯದ ಹುದ್ದೆಗಳ ಕೋಷ್ಟಕದಲ್ಲಿ ಪಿಎಚ್.ಡಿ.ಗೆ 30, ಶಿಷ್ಯವೇತನ ಸಹಿತ ನೆಟ್‌ಗೆ 7, ನೆಟ್‌ಗೆ 5, ರಾಜ್ಯ ಪರೀಕ್ಷೆಗೆ 3 ಅಂಕಗಳಿವೆ. ಕಾಲೇಜುಗಳ ಕೋಷ್ಟಕದಲ್ಲಿ ಇವು ಕ್ರಮವಾಗಿ 25, 10, 8 ಮತ್ತು 5. ಪಿಎಚ್.ಡಿ. ಐಚ್ಛಿಕವೆಂದು ನಿಯಮವು ಹೇಳಿದರೂ ಸ್ಪರ್ಧೆಯಲ್ಲಿ ಅದರ ತೂಕ ಎಷ್ಟೆಂಬುದು ಈ ಅಂಕಗಳಿಂದಲೇ ಸ್ಪಷ್ಟವಾಗುತ್ತದೆ. ನೆಟ್ ಬಾಗಿಲನ್ನು ತೆರೆಯುತ್ತದೆ; ಸರದಿಯಲ್ಲಿ ಮುಂದಕ್ಕೆ ಕರೆದೊಯ್ಯುವುದು ಪಿಎಚ್.ಡಿ.

ಸಂಶೋಧನ ಲೇಖನಗಳಿಗೆ ತಲಾ 2 ಅಂಕಗಳಂತೆ ವಿಶ್ವವಿದ್ಯಾನಿಲಯಗಳಲ್ಲಿ ಗರಿಷ್ಠ 10, ಕಾಲೇಜುಗಳಲ್ಲಿ ಗರಿಷ್ಠ 6 ಅಂಕಗಳು ಮಾತ್ರ. ಅಂದರೆ ಐದು ಅಥವಾ ಮೂರು ಉತ್ತಮ ಲೇಖನಗಳಿಗಿಂತ ಹೆಚ್ಚಿನವುಗಳಿಂದ ಈ ಹಂತದಲ್ಲಿ ಲಾಭವಿಲ್ಲ. ಹಣ ತೆತ್ತು ಹತ್ತಾರು ಲೇಖನಗಳನ್ನು ಅಚ್ಚುಹಾಕಿಸುವ ಪ್ರವೃತ್ತಿ ನಿರರ್ಥಕವಷ್ಟೇ ಅಲ್ಲ, ಸಂದರ್ಶನದಲ್ಲಿ ಅಪಕೀರ್ತಿಗೂ ಕಾರಣವಾದೀತು. ಆಯೋಗವು 2019ರಲ್ಲಿ ಜಾರಿಗೆ ತಂದಿದ್ದ ಮಾನ್ಯ ಪತ್ರಿಕೆಗಳ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ, ಪತ್ರಿಕೆಯ ಯೋಗ್ಯತೆಯನ್ನು ಸ್ವತಃ ವಿಚಾರಿಸಿ ತಿಳಿಯುವ ಹೊಣೆ ಸಂಶೋಧಕರ ಮೇಲೆ ಹೆಚ್ಚಿದೆ. ಈ ಕೋಷ್ಟಕದ ಅಂಕಗಳು ಸಂದರ್ಶನದ ಆಹ್ವಾನಕ್ಕಷ್ಟೇ ಉಪಯುಕ್ತ. ಅಂತಿಮ ಆಯ್ಕೆಯು ಸಂದರ್ಶನದಲ್ಲಿ ತೋರುವ ಸಾಮರ್ಥ್ಯವನ್ನೇ ಅವಲಂಬಿಸಿದೆ. ಆಯ್ಕೆ ಸಮಿತಿಯು ತರಗತಿಯ ಪಾಠದ ಮೂಲಕ ಅಭ್ಯರ್ಥಿಯನ್ನು ಪರೀಕ್ಷಿಸಲು ಅವಕಾಶವಿರುವುದರಿಂದ, ಒಂದು ಪಾಠವನ್ನು ಹತ್ತು ನಿಮಿಷಗಳಲ್ಲಿ ಸ್ಪಷ್ಟವಾಗಿ ಬೋಧಿಸುವ ಅಭ್ಯಾಸವಿರಬೇಕು.

ಪಿಎಚ್.ಡಿ. ಮತ್ತು ತಾತ್ಕಾಲಿಕ ಸೇವೆ

2022ರ ನವೆಂಬರಿನ ನಿಯಮಗಳ ಪ್ರಕಾರ ಪಿಎಚ್.ಡಿ. ಅಧ್ಯಯನಕ್ಕೆ ಕನಿಷ್ಠ 3 ವರ್ಷಗಳ ಅವಧಿ ಬೇಕು. ದೂರಶಿಕ್ಷಣದ ಮೂಲಕ ಪಿಎಚ್.ಡಿ. ನೀಡಲು ಅನುಮತಿಯಿಲ್ಲ, ಎಂ.ಫಿಲ್. ಪದವಿಯನ್ನು ಆ ನಿಯಮಗಳು ಸ್ಥಗಿತಗೊಳಿಸಿದವು. ಇದಕ್ಕೆ ವಿರುದ್ಧವಾದ ಭರವಸೆ ನೀಡುವ ಜಾಹೀರಾತುಗಳಿಗೆ ಅಭ್ಯರ್ಥಿಗಳು ಮರುಳಾಗಬಾರದು.

ಅನೇಕರು ಕಾಯಂ ಹುದ್ದೆಯ ನಿರೀಕ್ಷೆಯಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿಯುತ್ತಾರೆ. ಈ ಸೇವೆಯೆಲ್ಲವೂ ಮುಂದೆ ತಾನಾಗಿಯೇ ಗಣನೆಗೆ ಬರುವುದಿಲ್ಲ. ತಾತ್ಕಾಲಿಕ ಅಥವಾ ಗುತ್ತಿಗೆ ಸೇವೆಯನ್ನು ಹಿಂದಿನ ಸೇವೆಯಾಗಿ ಪರಿಗಣಿಸಬೇಕಾದರೆ ಮೂರು ಷರತ್ತುಗಳು ಮುಖ್ಯ: ಆಗ ಅಭ್ಯರ್ಥಿಗೆ ನಿಗದಿತ ಅರ್ಹತೆ ಇದ್ದಿರಬೇಕು, ನೇಮಕವು ಕ್ರಮಬದ್ಧವಾದ ಆಯ್ಕೆ ಸಮಿತಿಯ ಶಿಫಾರಸಿನಿಂದ ನಡೆದಿರಬೇಕು, ಪಡೆದ ಒಟ್ಟು ವೇತನವು ಕಾಯಂ ಸಹಾಯಕ ಪ್ರಾಧ್ಯಾಪಕರ ಮಾಸಿಕ ವೇತನಕ್ಕಿಂತ ಕಡಿಮೆಯಿರಬಾರದು. ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಆ ಹುದ್ದೆಯ ಆರಂಭಿಕ ಮೂಲವೇತನವೇ 57,700 ರೂಪಾಯಿ ಎಂಬುದನ್ನು ನೆನೆದರೆ, ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವವರ ಸ್ಥಿತಿ ಅರ್ಥವಾಗುತ್ತದೆ. ಆದುದರಿಂದ ಇಂಥ ಕೆಲಸವನ್ನು ಒಪ್ಪಿಕೊಂಡವರು ನೇಮಕಾತಿ ಆದೇಶ, ವೇತನ ವಿವರ ಹಾಗೂ ಸೇವಾ ಪ್ರಮಾಣಪತ್ರಗಳನ್ನು ಆಯಾ ವರ್ಷವೇ ಪಡೆದಿಟ್ಟುಕೊಳ್ಳಬೇಕು. ಜೊತೆಗೆ ನೆಟ್ ಅಥವಾ ಪಿಎಚ್.ಡಿ. ಸಿದ್ಧತೆಯನ್ನು ನಿಲ್ಲಿಸಬಾರದು.

ಮಾಹಿತಿ ಎಲ್ಲಿ ದೊರೆಯುತ್ತದೆ?

ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಬೋಧಕ ಹುದ್ದೆಗಳಿಗಾಗಿ ಆಯೋಗವು 2023ರ ಮೇ ತಿಂಗಳಲ್ಲಿ ಸಿಯು-ಚಯನ್ ಎಂಬ ಏಕೀಕೃತ ಜಾಲತಾಣವನ್ನು ಆರಂಭಿಸಿತು. ಪ್ರಕಟಣಾ ವಿಭಾಗವು 1976ರಿಂದ ಹೊರತರುತ್ತಿರುವ ಎಂಪ್ಲಾಯ್‌ಮೆಂಟ್ ನ್ಯೂಸ್ ವಾರಪತ್ರಿಕೆಯಲ್ಲಿಯೂ ಜಾಹೀರಾತುಗಳು ಪ್ರಕಟವಾಗುತ್ತವೆ. ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯವು 2015ರ ಜುಲೈನಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯ ಮೂಲಕ ಉದ್ಯೋಗ ಮಾಹಿತಿ ಹಾಗೂ ಸಲಹೆಗಳು ಉಚಿತವಾಗಿ ದೊರೆಯುತ್ತವೆ. ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರಗಳೂ ಉಂಟು. ಖಾಸಗಿ ತರಬೇತಿಗೆ ದೊಡ್ಡ ಮೊತ್ತವನ್ನು ತೆರುವ ಮೊದಲು ಈ ಸೌಲಭ್ಯಗಳನ್ನು ಬಳಸಿಕೊಳ್ಳುವುದು ಒಳ್ಳೆಯದು.

ಕನ್ನಡ ವಿಷಯದಲ್ಲಿ ಪದವಿ ಪಡೆದವರಿಗೆ ಹೊರನಾಡಿನಲ್ಲಿ ಅವಕಾಶಗಳು ಪರಿಮಿತವೆಂಬುದನ್ನು ಒಪ್ಪಲೇಬೇಕು. ಮುಂಬಯಿ ಮತ್ತು ಮದರಾಸು ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡ ವಿಭಾಗಗಳಿದ್ದರೂ ಅಲ್ಲಿನ ಹುದ್ದೆಗಳು ಕೆಲವೇ. ಅವರು ಕಲಬುರಗಿ ಜಿಲ್ಲೆಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಸೇರಿದಂತೆ ಕರ್ನಾಟಕದ ಪ್ರಕಟಣೆಗಳತ್ತಲೂ ಗಮನವಿರಿಸಬೇಕು. ಅಂಥವರಿಗೆ ಕೆ-ಸೆಟ್ ಸಹ ಪ್ರಯೋಜನಕಾರಿ.

ಒಟ್ಟಿನಲ್ಲಿ, ಸ್ನಾತಕೋತ್ತರ ವ್ಯಾಸಂಗದ ಅಂತಿಮ ವರ್ಷದಲ್ಲಿಯೇ ಎಲ್ಲಿ, ಯಾವ ಬಗೆಯ ಸಂಸ್ಥೆಯಲ್ಲಿ ಸೇವೆ ಸಲ್ಲಿಸಬೇಕೆಂಬುದನ್ನು ಆಲೋಚಿಸಿ, ಅದಕ್ಕೆ ತಕ್ಕ ಅರ್ಹತೆಗಳನ್ನು ಕ್ರಮವಾಗಿ ಸಂಪಾದಿಸುವುದು ಕ್ಷೇಮಕರ. ಹುದ್ದೆಗಳ ಸಂಖ್ಯೆ ಅಭ್ಯರ್ಥಿಯ ಕೈಯಲ್ಲಿಲ್ಲ. ಆದರೆ ನಿಯಮವನ್ನು ಅರಿಯದೆ ವರ್ಷಗಳನ್ನು ಕಳೆದುಕೊಳ್ಳದಿರುವುದು ಖಂಡಿತವಾಗಿಯೂ ಅವರ ಕೈಯಲ್ಲಿದೆ.