ಹಾದಿಯ ಮೇಲೆ ಗೋಡೆ: ಒಪ್ಪಿಗೆ ಕೊಡಬೇಕಾದವರು ಯಾರು?

ಜೇವರ್ಗಿ ತಾಲ್ಲೂಕಿನ ನೆಲೋಗಿಯಂಥ ಊರಿನ ಹಳೆಯ ಖರೀದಿ ಪತ್ರಗಳಲ್ಲಿ, ಚಕ್ಕುಬಂದಿಯ ಸಾಲುಗಳ ನಡುವೆ ‘ಮಾಮೂಲು ಹಾದಿ’ ಎಂಬ ಮಾತು ಸಿಗುವುದುಂಟು. ಜಾಗ ನಿಮ್ಮದು, ತೆರಿಗೆ ಕಟ್ಟುವವರೂ ನೀವೇ. ಆದರೂ ಹಿಂದಿನ ಮನೆಯವರು ಅಲ್ಲಿ ಓಡಾಡಬಹುದು. ಇದೇ ಅನುಭೋಗದ ಹಕ್ಕು, ಅಂದರೆ ಈಸ್‌ಮೆಂಟ್. ಇದಕ್ಕೆ 1882ರ ಕಾಯ್ದೆಯೇ ಆಧಾರ. ಪತ್ರದಲ್ಲಿ ಬರೆಯದಿದ್ದರೂ 20 ವರ್ಷ ಎಡೆಬಿಡದೆ, ಹಕ್ಕೆಂದೇ ನಡೆದಾಡಿದ ಹಾದಿಗೆ ಈ ಹಕ್ಕು ಹುಟ್ಟುತ್ತದೆ. ನೀವು ಹೋಗಲಿ ಎಂದು ಬಿಟ್ಟುಕೊಟ್ಟ ಹಾದಿಗೆ ಹುಟ್ಟದು.

ಇಂಥ ಜಾಗದಲ್ಲಿ ಮನೆ ಕಟ್ಟುವವರು ಮೊದಲು ಓಡುವುದು ಪಂಚಾಯಿತಿಗೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಅದರ ಪರವಾನಗಿ ಬೇಕೇ ಬೇಕು. ಆದರೆ ಆ ಕಾಗದ ಹಿಂದಿನ ಮನೆಯವರ ಹಕ್ಕನ್ನು ಅಳಿಸದು. ಅದನ್ನು ಬಿಟ್ಟುಕೊಡಬೇಕಾದವರು ಅವರೇ.

‘ಕಟ್ಟಕೋರಿ, ನಮ್ದೇನು ತಕರಾರಿಲ್ಲ’ ಎಂಬ ಬಾಯಿಮಾತು ಸಾಕೆ? 1882ರ ಕಾಯ್ದೆಯ 38ನೇ ಪ್ರಕರಣ ಇಲ್ಲಿ ಸ್ವಾರಸ್ಯಕರ. ನೆರೆಯವರ ಮಾಳಿಗೆ ನೀರು ನಿಮ್ಮ ಅಂಗಳಕ್ಕೆ ಬೀಳುವ ಹಕ್ಕಿದೆ ಎನ್ನಿ. ಅವರೇ ಸ್ಪಷ್ಟವಾಗಿ ಒಪ್ಪಿ, ನೀವು ಆ ಒಪ್ಪಿಗೆಯಂತೆಯೇ ಎತ್ತರಕ್ಕೆ ಕಟ್ಟಿದರೆ, ನೀರಿಗೆ ಅಡ್ಡಿಯಾದಷ್ಟರ ಮಟ್ಟಿಗೆ ಅವರ ಹಕ್ಕು ಮುಗಿಯಿತು. ಸುಮ್ಮನೆ ನೋಡಿಕೊಂಡಿದ್ದರು ಎಂಬುದು ಒಪ್ಪಿಗೆಯಲ್ಲ. ತೊಡಕಿರುವುದು ಸಾಕ್ಷಿಯಲ್ಲಿ: ಒಪ್ಪಿದ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ‘ನಮಗ ಗೊತ್ತೇ ಇಲ್ಲ’ ಎಂದರೆ ತಡೆಯಾಜ್ಞೆ ಬರಬಹುದು, ಕಟ್ಟಿದ್ದನ್ನು ಕೆಡವಬೇಕಾಗಿಯೂ ಬರಬಹುದು. ಆದ್ದರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿ, ಪಾಲುದಾರರೆಲ್ಲರ ಸಹಿ ಪಡೆದು ನೋಂದಣಿ ಮಾಡಿಸಬೇಕು. 100 ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ನೋಂದಣಿ ಕಡ್ಡಾಯ.

ಹಕ್ಕು ಬಿಡಿಸಿಕೊಳ್ಳದೆಯೂ ಒಂದು ದಾರಿಯುಂಟು. ಹಾದಿಗೆ ತೊಂದರೆಯಾಗದಂತೆ ನಿಮ್ಮ ನೆಲವನ್ನು ಬಳಸಲು ಕಾನೂನು ಅಡ್ಡಿ ಮಾಡದು. ಕೆಳಗೆ ಹಾದಿ ಬಿಟ್ಟು ಮೇಲೆ ಕೋಣೆ ಹಾಕಬಹುದು. ಆದರೆ ಜೋಳದ ಕಣಿಕೆ ಹೇರಿದ ಬಂಡಿ ಹೊರಳಬೇಕಾದ ಹಾದಿಯಾದರೆ, ಆಳೆತ್ತರ ಬಿಟ್ಟೆವೆಂದರೆ ಸಾಲದು. ಹೇರಿದ ಬಂಡಿಯ ಎತ್ತರ ಅಳೆದೇ ಸ್ಲ್ಯಾಬ್ ಹಾಕಿಸಬೇಕು.

ಊರಿನ ನಕಾಶೆಯಲ್ಲಿರುವ ಸರ್ಕಾರಿ ಹಾದಿಯ ಮಾತೇ ಬೇರೆ. ನೆರೆಯವರು ಒಪ್ಪಿದರೂ ಕಟ್ಟುವಂತಿಲ್ಲ. ಅದು ಸಾರ್ವಜನಿಕರಿಗೆ ಬೇಡವಾಗಿದ್ದರೆ ಮಾತ್ರ, 1964ರ ಭೂಕಂದಾಯ ಕಾಯ್ದೆಯ 68ನೇ ಪ್ರಕರಣದಡಿ ಪ್ರಕಟಣೆ ಹೊರಡಿಸಿ, ತಕರಾರು ಕೇಳಿ, ಅದರ ಮೇಲಿನ ಓಡಾಟದ ಹಕ್ಕನ್ನು ರದ್ದುಪಡಿಸಬಹುದು.

ಕರೆಂಟು ತಂತಿಯನ್ನಂತೂ ಬಹುಮಂದಿ ಮರೆತೇಬಿಡುತ್ತಾರೆ. 11 ಕೆ.ವಿ. ತಂತಿ ಮಾಳಿಗೆಯಿಂದ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ದೂರವಿರಬೇಕು. ಅಷ್ಟಿಲ್ಲದಿದ್ದರೆ ಬುನಾದಿ ತೋಡುವ ಮೊದಲೇ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಹಾಕಿ. ತಂತಿ ಸರಿಸುವ ಖರ್ಚು ಸಾಮಾನ್ಯವಾಗಿ ಅರ್ಜಿದಾರರದೇ.