ಒಣನೆಲದಲ್ಲಿ ಬಿಸಿಲಿನ ಪಯಣ



ಧಾರವಾಡದ ಸಪ್ತಾಪುರದ ಖಾನಾವಳಿಯಲ್ಲಿ ನಿಮ್ಮ ತಟ್ಟೆಗೆ ಬೀಳುವ ಜೋಳದ ರೊಟ್ಟಿಯಲ್ಲಿ ಏನಿದೆ? ಜೋಳದ ಗಿಡ ಹಿಡಿದಿಟ್ಟ ಬಿಸಿಲು! ಕಾಡುಪ್ರಾಣಿಗಳ ಹೊಟ್ಟೆಗೂ ಸೇರುವುದು ಇದೇ ಬಿಸಿಲು.

ಕರ್ನಾಟಕದಲ್ಲಿ ಮರುಭೂಮಿಯಿಲ್ಲ, ಆದರೆ ಮಳೆ ಕಡಿಮೆಯಿರುವ ಹುಲ್ಲುಗಾವಲುಗಳಿವೆ. ಧಾರವಾಡದಿಂದ ಹುಬ್ಬಳ್ಳಿ, ಹಾವೇರಿ ದಾಟಿದರೆ ರಾಣೆಬೆನ್ನೂರು. ಅಲ್ಲಿನ 119 ಚದರ ಕಿಲೋಮೀಟರ್ ಪ್ರದೇಶವನ್ನು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಕೃಷ್ಣಮೃಗವನ್ನು ನಮ್ಮ ಜನ ಚಿಗರಿ ಎನ್ನುತ್ತಾರೆ.

ಒಣನೆಲದಲ್ಲಿ ಬಿಸಿಲಿಗೆ ಬರವಿಲ್ಲ, ಬರವಿರುವುದು ನೀರಿಗೆ. ಇಂಗಾಲದ ಡೈಆಕ್ಸೈಡ್ ಪಡೆಯಲು ಎಲೆ ತನ್ನ ಪತ್ರರಂಧ್ರಗಳನ್ನು ತೆರೆದರೆ ಒಳಗಿನ ನೀರು ಆವಿಯಾಗುತ್ತದೆ. ಆದುದರಿಂದ ಪಾಪಾಸುಕಳ್ಳಿ ಅವನ್ನು ರಾತ್ರಿ ತೆರೆಯುತ್ತದೆ. ಹುಲ್ಲು ಬೇಸಿಗೆಯಲ್ಲಿ ಒಣಗಿ, ಬೇರಿನಲ್ಲಿ ಜೀವ ಹಿಡಿದು ಮಳೆಗೆ ಕಾಯುತ್ತದೆ. ಮಳೆ ಬಿದ್ದೊಡನೆ ಚಿಗುರುತ್ತದೆ. ಮಿಡತೆ, ಚಿಗರಿ ಎಲ್ಲಕ್ಕೂ ಹಬ್ಬ.

ಒಂದು ಹಂತದ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಮುಂದಿನ ಹಂತದ ಮೈಗೂಡುತ್ತದೆ. ಹಂತದಿಂದ ಹಂತಕ್ಕೆ ಶಕ್ತಿ ಹರಿಯುವ ಈ ಬಗೆಯನ್ನು ಅಮೆರಿಕದ ರೇಮಂಡ್ ಲಿಂಡೆಮನ್ 1942ರಲ್ಲಿ ವಿವರಿಸಿದರು. ಹುಲ್ಲಿನಲ್ಲಿ 1,000 ಕ್ಯಾಲೊರಿ ಇದ್ದರೆ ಚಿಗರಿಗೆ 100, ತೋಳಕ್ಕೆ 10 ಎಂದು ಸ್ಥೂಲವಾಗಿ ಹೇಳಬಹುದು. ಉಳಿದದ್ದು ಉಸಿರಾಟ, ಓಟ, ಸಗಣಿಗಳಲ್ಲಿ ಹೋಗುತ್ತದೆ. ಬಿಸಿರಕ್ತದ ಪ್ರಾಣಿಗಳು ಮೈ ಬೆಚ್ಚಗಿಡಲು ಇನ್ನೂ ಹೆಚ್ಚು ಖರ್ಚುಮಾಡುತ್ತವೆ. ಹಲ್ಲಿ, ಓತಿಕ್ಯಾತಗಳಿಗೆ ಆ ಖರ್ಚಿಲ್ಲ. ಎಂತಲೇ ಒಣನೆಲದಲ್ಲಿ ಅವು ಸುಖವಾಗಿವೆ.

ಒಣಹುಲ್ಲು, ಸಗಣಿಗಳನ್ನು ಗೆದ್ದಲು ತಿಂದು ಲವಣಾಂಶಗಳನ್ನು ಮಣ್ಣಿಗೆ ಮರಳಿಸುತ್ತದೆ. ಆದರೆ ಶಾಖವಾಗಿ ಹೋದ ಶಕ್ತಿ ಮರಳಿ ಬರುವುದಿಲ್ಲ. ಲವಣಾಂಶಗಳದು ಚಕ್ರ, ಶಕ್ತಿಯದು ಒಮ್ಮುಖ ದಾರಿ.

ಹುಲ್ಲುಗಾವಲನ್ನು ಪಾಳುಭೂಮಿ ಎನ್ನುವವರುಂಟು. ರಾಣೆಬೆನ್ನೂರಿನಲ್ಲಿಯೂ ನೀಲಗಿರಿ ನೆಡಲಾಯಿತು. ನೀಲಗಿರಿಯೂ ಬಿಸಿಲು ಹಿಡಿಯುತ್ತದೆ, ನಿಜ. ಆದರೆ ಅದರ ಎಲೆ ಚಿಗರಿಯ ಮೇವಲ್ಲ. ಆ ಶಕ್ತಿ ತೋಳದವರೆಗೆ ಹೋಗುವುದೇ ಇಲ್ಲ. ಹುಲ್ಲು ಕುಗ್ಗಿದರೆ ಪೆಟ್ಟು ಮೊದಲು ತಾಗುವುದು ಸರಪಳಿಯ ತುದಿಗೆ. ಬೇಟೆ ಸಿಗದ ತೋಳ ಕುರಿಹಟ್ಟಿಗೆ ನುಗ್ಗುತ್ತದೆ, ನಷ್ಟ ಕುರಿಗಾಹಿಯದು. ಹುಲ್ಲುಗಾವಲಿನ ಎರೆಬೂತ ಹಕ್ಕಿ ಹಿಂದೆ ಇಲ್ಲಿ ಕಾಣುತ್ತಿತ್ತು. ಈಗ ಅದು ಅಳಿವಿನಂಚಿನಲ್ಲಿದೆ.

ಊರ ಹೊರಗಿನ ಬಯಲಿನಲ್ಲಿ ಒಂದು ಗಂಟೆ ಕುಳಿತು ನೋಡಿ. ಯಾವುದು ಯಾವುದನ್ನು ತಿನ್ನುತ್ತದೆ ಎಂದು ಬರೆದುಕೊಳ್ಳಿ. ಪ್ರತಿ ಸರಪಳಿಯ ಮೊದಲ ಕೊಂಡಿ ಯಾವುದು? ಆ ಬಯಲನ್ನು ‘ಪಾಳು’ ಎನ್ನುವ ಮುಂಚೆ ನಿಮ್ಮ ಉತ್ತರವನ್ನೊಮ್ಮೆ ಓದಿಕೊಳ್ಳಿ.