ವರ್ಸೇಲ್ಸ್ ಪಾಠದಲ್ಲಿ ನಾನು ಬಿಟ್ಟ ಹತ್ತು ವರ್ಷ

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಗೆ ವರ್ಸೇಲ್ಸ್ ಒಪ್ಪಂದದ ಪರಿಣಾಮಗಳನ್ನು ಬೋಧಿಸಿದೆ. ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ನಾಲ್ಕು ಪದ ಬರೆದೆ: ಒಪ್ಪಂದ, ಯುದ್ಧ ಪರಿಹಾರ, ಹಣದುಬ್ಬರ, ಹಿಟ್ಲರ್. ಮೌಲ್ಯಮಾಪನದ ಹಂತದಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: “ಮಿಸ್, ದುಡ್ಡಿಗೆ ಬೆಲೆ ಹೋಗಿದ್ದು 1923ರಲ್ಲಿ, ಹಿಟ್ಲರ್ ಬಂದಿದ್ದು 1933ರಲ್ಲಿ ಅಂದ್ರಿ. ನಡುವೆ ಹತ್ತು ವರ್ಷ ಏನಾಯ್ತು?” ನನ್ನಲ್ಲಿ ಉತ್ತರವಿರಲಿಲ್ಲ. ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: “ಆ ಪ್ರಶ್ನೆಗೆ ಉತ್ತರಿಸಿ ಮುಂದಿನ ಪಾಠಕ್ಕೆ ಹೋಗಿ.”

ಮರುಪಾಠಕ್ಕೆ ಬಾಣಗಳನ್ನು ಬಿಟ್ಟು ಕಾಲರೇಖೆ ಎಳೆದೆ.

ಮೊದಲ ಘಟ್ಟ 1919ರಿಂದ 1923. ಒಪ್ಪಂದದಿಂದ ಜರ್ಮನಿ ಅಲ್ಸೇಸ್-ಲೊರೇನನ್ನು ಕಳೆದುಕೊಂಡಿತು. ಸಾರ್ ಪ್ರದೇಶದ ಕಲ್ಲಿದ್ದಲ ಗಣಿಗಳು ಫ್ರಾನ್ಸಿನ ಪಾಲಾದವು. 1921ರಲ್ಲಿ ಪರಿಹಾರದ ಮೊತ್ತವನ್ನು 13,200 ಕೋಟಿ ಚಿನ್ನದ ಮಾರ್ಕ್ ಎಂದು ನಿಗದಿಪಡಿಸಲಾಯಿತು. ಆದರೆ ಹಣದುಬ್ಬರದ ಬೀಜ ಒಪ್ಪಂದಕ್ಕಿಂತ ಹಳೆಯದು. ಯುದ್ಧದ ಖರ್ಚನ್ನು ಜರ್ಮನಿ ತೆರಿಗೆಗಿಂತ ಹೆಚ್ಚಾಗಿ ಸಾಲದಿಂದಲೇ ಭರಿಸಿತ್ತು. 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ರೂರ್ ಪ್ರದೇಶವನ್ನು ಹಿಡಿಯಿತು. ಕೆಲಸ ನಿಲ್ಲಿಸಿ ಪ್ರತಿಭಟಿಸಿದ ಕಾರ್ಮಿಕರನ್ನು ಪೋಷಿಸಲು ಸರ್ಕಾರ ನೋಟು ಮುದ್ರಿಸಿತು. ಯುದ್ಧಕ್ಕೆ ಮೊದಲು 4.2 ಮಾರ್ಕಿಗೆ ಸಿಗುತ್ತಿದ್ದ ಡಾಲರ್, ಆ ನವೆಂಬರಿನಲ್ಲಿ 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಮಧ್ಯಮ ವರ್ಗದ ಉಳಿತಾಯ ನೀರುಪಾಲಾಯಿತು.

ಎರಡನೆಯದು 1924ರಿಂದ 1929. ನಾನು ಬಿಟ್ಟಿದ್ದು ಇದನ್ನೇ. ಹೊಸ ನಾಣ್ಯ ಬಂತು, ಡಾಸ್ ಯೋಜನೆ ಕಂತುಗಳನ್ನು ಹಗುರಗೊಳಿಸಿತು. ಅಮೆರಿಕ ಜರ್ಮನಿಗೆ ಸಾಲ ಕೊಟ್ಟಿತು. ಜರ್ಮನಿ ಬ್ರಿಟನ್, ಫ್ರಾನ್ಸಿಗೆ ಪರಿಹಾರ ಕಟ್ಟಿತು. ಅವು ಅಮೆರಿಕಕ್ಕೆ ತಮ್ಮ ಯುದ್ಧಸಾಲ ತೀರಿಸಿದವು. ಕಾರ್ಖಾನೆಗಳು ಚೇತರಿಸಿಕೊಂಡವು. 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 2.6 ಮತ.

ಮೂರನೆಯದು 1929ರಿಂದ 1933. ಅಮೆರಿಕದ ಷೇರುಪೇಟೆ ಕುಸಿದು ಸಾಲದ ಹರಿವು ನಿಂತಿತು. ಸರ್ಕಾರ ಸಂಬಳ, ಖರ್ಚು ಎರಡನ್ನೂ ಕಡಿತಗೊಳಿಸಿತು. 1932ರ ಹೊತ್ತಿಗೆ ಸುಮಾರು 60 ಲಕ್ಷ ಜನ ನಿರುದ್ಯೋಗಿಗಳಾದರು. ಆ ಜುಲೈನಲ್ಲಿ ನಾಜಿಗಳ ಮತ ಶೇ. 37.4ಕ್ಕೆ ಏರಿತು. ಅದೇ ತಿಂಗಳು ಲೂಸಾನ್ ಸಮ್ಮೇಳನ ಪರಿಹಾರದ ಹೊರೆಯನ್ನು ಬಹುಪಾಲು ಇಳಿಸಿಬಿಟ್ಟಿತ್ತು!

“ಹಾಗಾದ್ರೆ ಒಪ್ಪಂದದ್ದು ತಪ್ಪೇ ಇಲ್ವಾ ಮಿಸ್?” ಎಂದು ಅದೇ ಹುಡುಗಿ ಕೇಳಿದಳು. ಈ ಸಲ ಉತ್ತರವಿತ್ತು. ಒಪ್ಪಂದ ಜರ್ಮನಿಯನ್ನು ಪರರ ಸಾಲಕ್ಕೆ ಕಟ್ಟಿಹಾಕಿತು, ಯುದ್ಧದ ಹೊಣೆ ಹೊರಿಸಿದ 231ನೇ ವಿಧಿ ಅವಮಾನದ ಗಾಯ ಉಳಿಸಿತು, 1923ರ ನೆನಪು ಮುಂದಿನ ಸರ್ಕಾರಗಳಿಗೆ ಖರ್ಚು ಮಾಡಲು ಭಯ ಹುಟ್ಟಿಸಿತು. ಮನೆಯನ್ನು ದುರ್ಬಲಗೊಳಿಸಿದ್ದು ಒಪ್ಪಂದ. ಬೀಳಿಸಿದ್ದು ಅನಂತರದ ಬಿರುಗಾಳಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ಕಾರಣ-ಪರಿಣಾಮದ ಪಾಠ ಯೋಜನೆಯಲ್ಲಿ ಪ್ರತಿ ಬಾಣದ ಎರಡೂ ತುದಿಗೆ ಇಸವಿ ಬರೆಯಿರಿ. ನಡುವಿನ ಅಂತರ ದೊಡ್ಡದಿದ್ದರೆ, ಮಕ್ಕಳು ಕೇಳುವ ಮೊದಲು ನೀವೇ ಕೇಳಿಕೊಳ್ಳಿ.